ರಿಪೇರಿಯೂ ಇತಿಹಾಸವೇ

1928ರಲ್ಲಿ ಜನರಲ್ ಮೋಟಾರ್ಸ್ ಮುಂಬೈನಲ್ಲಿ ಷೆವರ್ಲೆ ಕಾರು ಜೋಡಿಸೋಕೆ ಶುರು ಮಾಡಿದಾಗ ನಮ್ಮ ಬೀದರ್, ಭಾಲ್ಕಿ, ಔರಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಿ ಅಂತ 1953ರಲ್ಲಿ ಸರ್ಕಾರ ಪಟ್ಟು ಹಿಡಿಯಿತು. ಮರುವರ್ಷ ಕಂಪನಿ ಜೋಡಣೆ ನಿಲ್ಲಿಸಿತು. ಸ್ಪೇರ್ ಸಿಗದ ಅಮೆರಿಕನ್ ಕಾರುಗಳಿಗೆ ದೇಶದ ಎಷ್ಟೋ ಕಡೆ ಮೆಕ್ಯಾನಿಕ್‌ಗಳು ಡೀಸೆಲ್ ಇಂಜಿನ್ ಕೂರಿಸಿದರು. ಗುಜರಿ ಸೇರಬೇಕಿದ್ದವು ಉಳಿದವು.

ಆದ್ರೆ 2021ರ ಕೇಂದ್ರ ನಿಯಮ ಏನನ್ನುತ್ತೆ? 50 ವರ್ಷ ದಾಟಿದ್ದರೂ ಇಂಜಿನ್, ಚಾಸಿ, ಬಾಡಿ ಬದಲಾಗಿದ್ದರೆ ವಿಂಟೇಜ್ ನೋಂದಣಿ ಇಲ್ಲ! ಕಾರನ್ನು ಬದುಕಿಸಿದ ಕೈಚಳಕವೇ ಅದಕ್ಕೆ ಮುಳುವಾಯ್ತು.

ಬೀದರ್ ಕೋಟೆಯ ರಂಗೀನ್ ಮಹಲ್ ನೋಡಿ. ಬಹಮನಿಗಳ ಕಟ್ಟಡವನ್ನು ಅಲಿ ಬರೀದ್ ಶಾ ಮತ್ತೆ ಕಟ್ಟಿಸಿದ. ಅದನ್ನು ನಕಲಿ ಅಂತ ಯಾರಾದ್ರೂ ಅಂತಾರಾ? ಹಳೇ ಕಾರಿನ ಫೋಟೋ ತೆಗೆಯೋರೇ, ಬಾನೆಟ್ ಎತ್ತಿ ಆ ಡೀಸೆಲ್ ಇಂಜಿನ್ನಿನದೂ ಒಂದು ತೆಗೀರಿ.