ಲಾಡಿಹುಳುವಿನ ಜಾತಿ ಹಿಡಿದ ಕಥೆ

1817ರ ಖಡಕಿ ಯುದ್ಧದ ಬಳಿಕ ಪುಣೆಯಲ್ಲಿ ಬ್ರಿಟಿಷರ ದೊಡ್ಡ ದಂಡು ಬೆಳೆಯಿತು. ಭಾರತದ ಇಂಥ ದಂಡುಗಳಲ್ಲಿ ಸೇವೆ ಮುಗಿಸಿ ಊರಿಗೆ ಮರಳಿದ ಕೆಲವು ಬ್ರಿಟಿಷ್ ಸೈನಿಕರಿಗೆ ವರ್ಷಗಳಾದ ಮೇಲೆ ಮೂರ್ಛೆ ಬರತೊಡಗಿತು. 1930ರ ದಶಕದಲ್ಲಿ ಸೇನಾ ವೈದ್ಯ ಮ್ಯಾಕ್‌ಆರ್ಥರ್ ಕಾರಣ ತೋರಿಸಿಕೊಟ್ಟರು: ಮೆದುಳಿನಲ್ಲಿ ಬೀಡುಬಿಟ್ಟ ಹಂದಿ ಲಾಡಿಹುಳುವಿನ ಮರಿ. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕಂಬ್ ಇಂಥ 450 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಭಾರತದಲ್ಲಿ ಇದ್ದು ಹೋದವರು.

ಕರುಳಿನಲ್ಲಿರುವುದು ದನದ ಮಾಂಸದಿಂದ ಬಂದ ಟೀನಿಯಾ ಸ್ಯಾಜಿನಾಟಾ ಆದರೆ ತೊಂದರೆ ಬಹುತೇಕ ಆ ಒಬ್ಬನಿಗೇ. ಹಂದಿ ಮಾಂಸದಿಂದ ಬಂದ ಟೀನಿಯಾ ಸೋಲಿಯಂ ಆದರೆ ಮನೆಯವರಿಗೂ ಅಪಾಯ. ಅದರ ಮೊಟ್ಟೆ ಕೊಳಕು ಕೈ, ನೀರು, ಹಸಿ ಸೊಪ್ಪಿನ ಮೂಲಕ ಹೊಟ್ಟೆ ಸೇರಿದರೆ ಮರಿ ಮೆದುಳು ತಲುಪಬಹುದು. ಮಾಂಸವನ್ನೇ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆ. ಹಂದಿ ಮಾಂಸ ತಿನ್ನದ ನ್ಯೂಯಾರ್ಕಿನ ಯಹೂದಿ ಕುಟುಂಬಗಳಲ್ಲೂ ಇದು ಕಂಡದ್ದು 1992ರಲ್ಲಿ ವರದಿಯಾಯಿತು. ರೋಗಿಯ ಊಟವನ್ನು ಶಂಕಿಸಿ ಪ್ರಯೋಜನವಿಲ್ಲ. ಹುಳು ಹೊತ್ತವರನ್ನು ಹುಡುಕಬೇಕು.

ಆದರೆ ಸೂಕ್ಷ್ಮದರ್ಶಕದಲ್ಲಿ ಎರಡರ ಮೊಟ್ಟೆಯೂ ಒಂದೇ ಥರ. ಮಲದಲ್ಲಿ ಬಿದ್ದ ತುಂಡು ಸಿಕ್ಕರೆ ಗರ್ಭಕೋಶದ ಕವಲು ಎಣಿಸಬಹುದು: ಸೋಲಿಯಂನಲ್ಲಿ ಕಡಿಮೆ, ಸ್ಯಾಜಿನಾಟಾದಲ್ಲಿ ಹೆಚ್ಚು. ತುಂಡು ನಜ್ಜುಗುಜ್ಜಾಗಿದ್ದರೆ ಎಣಿಕೆ ಕೈಕೊಡುತ್ತದೆ. 1993ರಲ್ಲಿ ಸ್ಯಾಜಿನಾಟಾವನ್ನೇ ಹೋಲುವ, ಹಂದಿಯ ಪಿತ್ತಜನಕಾಂಗದಲ್ಲಿ ಮರಿ ಬೆಳೆಯುವ ಟೀನಿಯಾ ಏಷ್ಯಾಟಿಕಾ ಬೇರೆ ಜಾತಿಯೆಂದು ಹೆಸರಾದಾಗ ಗೊಂದಲ ಇನ್ನೂ ಹೆಚ್ಚಿತು.

ಇದನ್ನು ಬಿಡಿಸಿದ್ದು ಡಿಎನ್‌ಎ. ಜೀವಕೋಶದ ಮೈಟೋಕಾಂಡ್ರಿಯಾದ ಡಿಎನ್‌ಎಗೆ ಪ್ರತಿಗಳು ಬಹಳ. ಹಾಗಾಗಿ ಸಣ್ಣ ಚೂರಿನಲ್ಲೂ ಅದು ಸಿಗುತ್ತದೆ. ಪಿಸಿಆರ್‌ನಲ್ಲಿ ಅದರ ಒಂದು ಜೀನನ್ನು ಹಿಗ್ಗಿಸಿ, ಅಕ್ಷರಗಳ ಸಾಲು ಹೋಲಿಸಿದರೆ ಜಾತಿ ಗೊತ್ತಾಗುತ್ತದೆ. 2002ರಲ್ಲಿ ಜಪಾನಿನ ನಕಾವೊ ಮತ್ತು ಸಂಗಡಿಗರು ಸೋಲಿಯಂನಲ್ಲೇ ಎರಡು ವಂಶಗಳನ್ನು ಗುರುತಿಸಿದರು: ಒಂದು ಏಷ್ಯಾದ್ದು, ಇನ್ನೊಂದು ಆಫ್ರಿಕಾ ಮತ್ತು ಅಮೆರಿಕದ್ದು. ಭಾರತದ ಹುಳು ಏಷ್ಯಾದ ವಂಶಕ್ಕೆ ಸೇರುತ್ತದೆ.

ಪುಣೆಯ ದಂಡಿನ ನಂಟು ಈಗಲೂ ಇದೆ. ಸೇನಾ ವೈದ್ಯರನ್ನು ರೂಪಿಸುವ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಅಲ್ಲಿ 1948ರಲ್ಲಿ ಆರಂಭವಾಯಿತು. ಅಲ್ಲಾಗಲಿ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಜೀನ್ ಪರೀಕ್ಷೆಗೆ ಮೊದಲ ಪಾಠ ಒಂದೇ: ಹುಳುವಿನ ತುಂಡನ್ನು ಫಾರ್ಮಲಿನ್‌ಗೆ ಹಾಕಬಾರದು, ಅದು ಡಿಎನ್‌ಎ ಕೆಡಿಸುತ್ತದೆ, ಆಲ್ಕೋಹಾಲಿನಲ್ಲಿಡಬೇಕು. ಸೋಲಿಯಂ ಎಂದು ಖಚಿತವಾದರೆ ವೈದ್ಯರು ಇಡೀ ಮನೆಯವರನ್ನು ತಪಾಸಣೆ ಮಾಡುತ್ತಾರೆ. ಪ್ರಾಜಿಕ್ವಾಂಟೆಲ್ ಕೊಡುವ ಮುನ್ನವೂ ಯೋಚಿಸುತ್ತಾರೆ, ಏಕೆಂದರೆ ಮೆದುಳಿನಲ್ಲಿ ಮರಿಯಿದ್ದರೆ ಆ ಮಾತ್ರೆಯಿಂದಲೇ ಮೂರ್ಛೆ ಬರಬಹುದು.