27 ಸಾಲಿನ ಫೋರ್ಕ್

ಸಿ ಭಾಷೆಯಲ್ಲಿ ಸಿಸ್ಟಮ್ ಪ್ರೋಗ್ರಾಮಿಂಗ್ ಮಾಡಿದವರಿಗೆಲ್ಲ ಫೋರ್ಕ್ ಗೊತ್ತು. ಅದನ್ನ ಕರೆದರೆ ಸಾಕು, ಓಡ್ತಿರೋ ಪ್ರೊಸೆಸ್‌ನ ಪಡಿಯಚ್ಚಿನಂಥ ಇನ್ನೊಂದು ಹುಟ್ಟುತ್ತೆ. ಆ ಮರಿ ಎಕ್ಸೆಕ್ ಕರೆದು ಬೇರೆ ಪ್ರೋಗ್ರಾಂ ಆಗಿಬಿಡುತ್ತೆ. ತಾಯಿ ವೇಟ್ ಕರೆದು ಅದು ಮುಗಿಯೋವರೆಗೆ ಕಾಯುತ್ತೆ.

ಹೊಸ ಪ್ರೋಗ್ರಾಂ ಬೇಕಂದ್ರೆ ಹಳೇದರ ನಕಲು ಯಾಕೆ ಮಾಡಬೇಕು? ನನ್ನನ್ನ ಬಹಳ ಕಾಲ ಕಾಡಿದ ಪ್ರಶ್ನೆ ಇದು. ಉತ್ತರಕ್ಕೆ 1969ರ ಬೆಲ್ ಲ್ಯಾಬ್ಸ್‌ಗೆ ಹೋಗಬೇಕು.

ಅಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಪುಟ್ಟ ಕಂಪ್ಯೂಟರಿಗೆ ಯುನಿಕ್ಸ್ ಬರೀತಿದ್ರು. ಮೊದಮೊದಲು ಅದರಲ್ಲಿ ಟರ್ಮಿನಲ್‌ಗೆ ಒಂದೇ ಪ್ರೊಸೆಸ್. ಕಮಾಂಡ್ ಕೊಟ್ಟರೆ ಶೆಲ್ ತನ್ನ ಜಾಗವನ್ನೇ ಅದಕ್ಕೆ ಬಿಟ್ಟುಕೊಡ್ತಿತ್ತು. ಕೆಲಸ ಮುಗಿದ ಮೇಲೆ ಶೆಲ್ ಮತ್ತೆ ಹೊಸದಾಗಿ ಲೋಡ್ ಆಗಬೇಕು.

ಫೋರ್ಕ್ ಅನ್ನೋ ಯೋಚನೆ ಬರ್ಕ್ಲಿಯ ಟೈಮ್‌ಶೇರಿಂಗ್ ಸಿಸ್ಟಮ್‌ನಲ್ಲಿ ಆಗಲೇ ಇತ್ತು. ಪಿಡಿಪಿ-7ರಲ್ಲೂ ಪ್ರೊಸೆಸ್‌ಗಳನ್ನ ಡಿಸ್ಕಿಗೆ ಕಳಿಸಿ ವಾಪಸ್ ತರೋ ವ್ಯವಸ್ಥೆ ತಯಾರಿತ್ತು. ಅದನ್ನೇ ಬಳಸಿ ಈಗಿನ ಪ್ರೊಸೆಸ್‌ನ ಪ್ರತಿಯೊಂದನ್ನ ಡಿಸ್ಕಿಗೆ ಬರೆದು, ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರಿಸಿದರೆ ಆಯ್ತು, ಫೋರ್ಕ್! ಅದಕ್ಕೆ ಹಿಡಿದದ್ದು ಬರೀ 27 ಸಾಲು ಅಸೆಂಬ್ಲಿ ಕೋಡ್ ಅಂತ ಡೆನಿಸ್ ರಿಚಿ ಬರೆದಿಟ್ಟಿದ್ದಾರೆ. ನಕಲು ಮಾಡೋದು ಅಲ್ಲಿ ಎಲ್ಲಕ್ಕಿಂತ ಸುಲಭವಾಗಿತ್ತು, ಅಷ್ಟೇ.

ತಮಾಷೆ ಏನಂದ್ರೆ, ಫೋರ್ಕ್ ಬಂದ ಕೂಡಲೇ ಡೈರೆಕ್ಟರಿ ಬದಲಿಸೋ ಕಮಾಂಡ್ ಕೆಟ್ಟುಹೋಯ್ತು. ಮರಿ ಪ್ರೊಸೆಸ್ ತನ್ನ ಡೈರೆಕ್ಟರಿ ಬದಲಿಸಿಕೊಂಡು ಸತ್ತುಹೋಗ್ತಿತ್ತು, ತಾಯಿ ಶೆಲ್ ಮಾತ್ರ ಇದ್ದಲ್ಲೇ! ಕೊನೆಗೆ ಆ ಕಮಾಂಡನ್ನ ಶೆಲ್ ತಾನೇ ನಡೆಸೋ ಹಾಗೆ ಮಾಡಬೇಕಾಯ್ತು. ನಾವು ಟೈಪ್ ಮಾಡೋ ಸಿಡಿ ಇವತ್ತಿಗೂ ಶೆಲ್ಲಿನೊಳಗೇ ಇರೋದು ಇದೇ ಕಾರಣಕ್ಕೆ.

1973ರಲ್ಲಿ ಯುನಿಕ್ಸ್ ಸಿ ಭಾಷೆಗೆ ಬಂತು, ಫೋರ್ಕೂ ಜೊತೆಗೇ ಬಂತು. ಆಂಡ್ರಾಯ್ಡ್ ಫೋನಿನಲ್ಲಿ ನೀವು ತೆರೆಯೋ ಆ್ಯಪ್ ಕೂಡ ಝೈಗೋಟ್ ಎಂಬ ತಾಯಿ ಪ್ರೊಸೆಸ್‌ನಿಂದ ಫೋರ್ಕ್ ಆಗಿ ಹುಟ್ಟಿದ್ದೇ. ಆದರೆ ಅಂದಿನ ಪ್ರೊಸೆಸ್‌ನಲ್ಲಿ ಥ್ರೆಡ್‌ಗಳಿರಲಿಲ್ಲ. ಇವತ್ತು ಹತ್ತು ಥ್ರೆಡ್ ಓಡ್ತಿರುವಾಗ ಫೋರ್ಕ್ ಮಾಡಿದರೆ ಮರಿಗೆ ಸಿಗೋದು ಕರೆದ ಒಂದೇ ಥ್ರೆಡ್. ಉಳಿದವು ಹಾಕಿಟ್ಟ ಬೀಗಗಳು ಹಾಗೇ ಉಳೀತವೆ, ತೆಗೆಯೋರು ಯಾರೂ ಇಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ, ಫೋರ್ಕನ್ನ ಇನ್ನು ಬಿಟ್ಟುಬಿಡೋಣ ಅಂತ ಪ್ರಬಂಧವನ್ನೇ ಬರೆದರು.

ಬಿಡೋದು ಸುಲಭವಲ್ಲ. ನನಗನ್ನಿಸೋದಿಷ್ಟು: ಥಾಂಪ್ಸನ್ ತಪ್ಪೇನೂ ಮಾಡಲಿಲ್ಲ, ಕೈಲಿದ್ದ ಯಂತ್ರಕ್ಕೆ ತಕ್ಕ ಉತ್ತರ ಕೊಟ್ಟರು. ಯಂತ್ರ ಹೋಯ್ತು, ಉತ್ತರ ಉಳೀತು. ಆಫೀಸಲ್ಲಿ 'ಸದ್ಯಕ್ಕೆ ಹೀಗಿರ್ಲಿ' ಅಂತ ನಾವು ಸೇರಿಸೋ ನಾಲ್ಕು ಸಾಲಿಗೂ ಅಷ್ಟೇ ಆಯುಸ್ಸು ಇರಬಹುದು. ಹಾಗಾಗಿ ಯಾಕೆ ಹಾಗೆ ಬರೆದ್ವಿ ಅಂತ ಪಕ್ಕದಲ್ಲೇ ಒಂದು ಕಾಮೆಂಟ್ ಹಾಕಿಡೋಣ.