ಮಾಂಬಳ್ಳಿ ಸೀಮೆಯ ರೇಷ್ಮೆ: ಸೊಪ್ಪು, ಹುಳು, ಮನುಷ್ಯ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕ್ರಿಯೆ, ಅನುವಂಶೀಯತೆ, ಪರಿಸರ ಎಂಬುವು ಮೂರು ಬೇರೆ ಬೇರೆ ಪಾಠಗಳು. ಚರಿತ್ರೆಯ ಪುಸ್ತಕದಲ್ಲಿ ಈ ಮೂರಕ್ಕೂ ಸ್ಥಳವಿಲ್ಲ. ಅಲ್ಲಿ ರೇಷ್ಮೆಯ ಪ್ರಸ್ತಾಪ ಬಂದರೂ ಟಿಪ್ಪುಸುಲ್ತಾನನ ಆಜ್ಞೆ, ಸಂಸ್ಥಾನದ ಇಲಾಖೆ, ಕಾರ್ಖಾನೆಗಳ ಸ್ಥಾಪನೆ, ಇವಿಷ್ಟರಲ್ಲಿಯೇ ಮಾತು ಮುಗಿಯುತ್ತದೆ. ಈ ಎರಡು ಪುಸ್ತಕಗಳನ್ನೂ ಒಟ್ಟಿಗಿರಿಸಿಕೊಂಡು ಓದಿದ ಹೊರತು ಮಾಂಬಳ್ಳಿಯಂತಹ ಊರಿನ ಚರಿತ್ರೆ ನಮಗೆ ತಿಳಿಯಲಾರದೆಂಬುದೇ ಈ ಲೇಖನದ ಪ್ರತಿಪಾದನೆ.

ಮಾಂಬಳ್ಳಿಯು ಯಳಂದೂರು ತಾಲ್ಲೂಕಿಗೆ ಸೇರಿದ ಊರು. ನೆರೆಯ ಅಗರದೊಡನೆ ಸೇರಿಸಿ ಜನರು ಇದನ್ನು ಅಗರ-ಮಾಂಬಳ್ಳಿಯೆಂದೇ ಕರೆಯುತ್ತಾರೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟಗಳು, ಇನ್ನೊಂದು ಕಡೆ ಕಾವೇರಿಯನ್ನು ಸೇರಲು ಹರಿಯುವ ಸುವರ್ಣಾವತಿ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು, ಮೈಸೂರು ಸೀಮೆಯೊಳಗೇ ಉಳಿಯಿತು. ಪಕ್ಕದ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗೆ ಒಂದೇ ಬಗೆಯ ಸೊಪ್ಪನ್ನು ಬೆಳೆದು ಒಂದೇ ಬಗೆಯ ಹುಳುವನ್ನು ಸಾಕುತ್ತಿದ್ದ ನಾಡನ್ನು ಎರಡು ಸರ್ಕಾರಗಳ ಕಾಗದಪತ್ರಗಳು ಇಬ್ಭಾಗ ಮಾಡಿದ್ದವು. ಹುಳುವಿಗಾಗಲಿ, ಹುಳುವಿನ ರೋಗಕ್ಕಾಗಲಿ ಈ ಗಡಿಯ ಅರಿವಿರಲಿಲ್ಲ.

1. ಸೊಪ್ಪು ಮತ್ತು ಹುಳು

ರೇಷ್ಮೆಯ ಮೂಲ ಹಿಪ್ಪುನೇರಳೆಯ ಎಲೆ. ಬಿಸಿಲು, ನೀರು, ಗಾಳಿಗಳಿಂದ ಎಲೆ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಹುಳುವಿಗೆ ಈ ಎಲೆಯ ಹೊರತು ಬೇರೆ ಆಹಾರವಿಲ್ಲ. ಎಲೆಯಲ್ಲಿರುವ ಸಸಾರಜನಕವೇ ಹುಳುವಿನ ರೇಷ್ಮೆ ಗ್ರಂಥಿಗಳಲ್ಲಿ ನೂಲಿನ ದ್ರವವಾಗಿ ಪರಿಣಮಿಸುತ್ತದೆ. ನಾಲ್ಕು ಸಲ ಪೊರೆ ಕಳಚಿ, ಐದು ಹಂತಗಳಲ್ಲಿ ಬೆಳೆಯುವ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಶೇಕಡ 80ಕ್ಕೂ ಮಿಗಿಲಾದ ಭಾಗವನ್ನು ಕೊನೆಯ ಹಂತವೊಂದರಲ್ಲಿಯೇ ತಿನ್ನುತ್ತದೆ. ಆದುದರಿಂದ ಮಳೆ ತಪ್ಪಿ ಆ ಒಂದು ವಾರದಲ್ಲಿ ಸೊಪ್ಪು ಸಾಲದೆ ಹೋದರೆ, ಅದಕ್ಕೆ ಹಿಂದಿನ ಮೂರು ವಾರಗಳ ದುಡಿಮೆಯೂ ವ್ಯರ್ಥವೇ.

ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಹುಳು ಸಾಕುವವರ ಮಾತಿನಲ್ಲಿ ಇದು 'ಜ್ವರ'. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಅವರು ಹುಳುವಿನ ವಯಸ್ಸನ್ನೇ ಲೆಕ್ಕವಿಡುತ್ತಾರೆ. ಇದು ರೋಗವಲ್ಲ, ಬೆಳವಣಿಗೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಮನೆಯ ಮಗುವಿಗೆ ಸಲ್ಲುವ ಮಾತನ್ನೇ ಅವರು ಹುಳುವಿಗೂ ಸಲ್ಲಿಸಿದ್ದಾರೆ. ನಿಜವಾದ ರೋಗಗಳಿಗೂ ಅವರು ಲಕ್ಷಣವನ್ನು ನೋಡಿಯೇ ಹೆಸರಿಟ್ಟರು. ಮೈ ಊದಿ ಹಾಲಿನಂತಹ ರಸ ಸೋರಿದರೆ ಹಾಲುತೊಂಡೆ. ಸತ್ತ ಹುಳು ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಈ ಶಬ್ದಗಳು ಚರಿತ್ರಕಾರನಿಗೆ ಶಾಸನದಷ್ಟೇ ಬೆಲೆಯುಳ್ಳ ಆಧಾರಗಳು.

2. ಕಣ್ಣಿಗೆ ಕಾಣದ ರೋಗ

ಆದರೆ ಕಣ್ಣಿನ ಪರಿಶೀಲನೆಗೂ ಒಂದು ಮಿತಿಯುಂಟು. ಗಂಟುರೋಗದ ಸೂಕ್ಷ್ಮಜೀವಿ ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುತ್ತದೆ. ಮೊಟ್ಟೆಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದು ಕಾಣುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ಫ್ರಾನ್ಸಿನ ರೇಷ್ಮೆ ಕೃಷಿಯನ್ನು ನೆಲಕಚ್ಚಿಸಿದಾಗ ಲೂಯಿ ಪಾಸ್ತರರು 1865ರಿಂದ ಕೆಲವು ವರ್ಷಗಳ ಕಾಲ ಇದನ್ನು ಅಭ್ಯಸಿಸಿದರು. ಅವರು ತೋರಿಸಿದ ಉಪಾಯ ಸರಳವಾದುದು. ಪ್ರತಿಯೊಂದು ತಾಯಿ ಚಿಟ್ಟೆಯಿಂದಲೂ ಪ್ರತ್ಯೇಕವಾಗಿ ಮೊಟ್ಟೆ ಇಡಿಸುವುದು; ಬಳಿಕ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು; ರೋಗ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು.

ಮೈಸೂರು ಸೀಮೆಯಲ್ಲಿಯೂ ಆ ಶತಮಾನದ ಉತ್ತರಾರ್ಧದಲ್ಲಿ ಹುಳುಗಳು ರೋಗಕ್ಕೆ ತುತ್ತಾಗಿ ಕಸುಬು ಕುಗ್ಗಿತು. ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನ ಮೊಟ್ಟೆಗಳನ್ನು ತರಿಸಿ ನೋಡಿದರು. ಶತಮಾನದ ಕೊನೆಯಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಕ್ಷೇತ್ರವೊಂದನ್ನು ತೆರೆದರು. 1910ರ ದಶಕದಲ್ಲಿ ಸಂಸ್ಥಾನವು ಚನ್ನಪಟ್ಟಣದಲ್ಲಿ ಸರ್ಕಾರಿ ಕ್ಷೇತ್ರವನ್ನು ಸ್ಥಾಪಿಸಿತು. ಇವೆಲ್ಲವನ್ನೂ ಉದ್ಯಮದ ಪ್ರಗತಿಯ ಮೆಟ್ಟಿಲುಗಳೆಂದು ಬರೆಯುವುದು ವಾಡಿಕೆ. ವಾಸ್ತವದಲ್ಲಿ ಇವುಗಳ ಮುಖ್ಯ ಕೆಲಸಗಳಲ್ಲಿ ಒಂದು, ರೋಗವಿಲ್ಲದ ಮೊಟ್ಟೆಯನ್ನು ರೈತನ ಕೈಗೆ ತಲುಪಿಸುವುದಾಗಿತ್ತು.

ಗಡಿಯ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಗಡಿಯ ಒಂದು ಮಗ್ಗುಲಲ್ಲಿ ಮೊಟ್ಟೆಯನ್ನು ಪರೀಕ್ಷಿಸಿ, ಇನ್ನೊಂದು ಮಗ್ಗುಲಲ್ಲಿ ಬಿಟ್ಟರೆ ಪ್ರಯೋಜನವೇನು? 1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು. 1959ರಲ್ಲಿ ರೇಷ್ಮೆ ಬಿತ್ತನೆ ಮತ್ತು ಗೂಡುಗಳ ನಿಯಂತ್ರಣ ಕಾನೂನು ಬಂದು, ಪರವಾನಗಿಯಿಲ್ಲದೆ ಬಿತ್ತನೆ ತಯಾರಿಸುವುದನ್ನು ತಡೆಯಿತು. ರಾಜ್ಯಗಳ ಏಕೀಕರಣವನ್ನು ಭಾಷೆಯ ದೃಷ್ಟಿಯಿಂದಲೇ ನೋಡುವ ನಾವು, ಈ ಸೀಮೆಯ ಮಟ್ಟಿಗೆ ಅದು ಹುಳುವಿನ ಆರೋಗ್ಯಕ್ಕೂ ಸಂಬಂಧಿಸಿದ ಘಟನೆಯೆಂಬುದನ್ನು ಮರೆಯಬಾರದು.

3. ತಳಿ ಮತ್ತು ಸ್ವಾತಂತ್ರ್ಯ

ಮೈಸೂರು ದೇಶೀ ತಳಿ ವರ್ಷಕ್ಕೆ ಐದಾರು ಬೆಳೆ ಕೊಡುತ್ತದೆ, ಸೆಕೆಯನ್ನು ತಾಳುತ್ತದೆ. ಆದರೆ ಅದರ ಗೂಡಿನ ನೂಲು 300ರಿಂದ 400 ಮೀಟರಿನಷ್ಟು ಮಾತ್ರ. ತಂಪು ದೇಶಗಳ ದ್ವಿತಳಿಯ ಗೂಡಿನಲ್ಲಿ ನೂಲು ಸಾವಿರ ಮೀಟರನ್ನೂ ಮೀರಬಹುದು. ಹುಳು ಮಾತ್ರ ಬಲು ನಾಜೂಕು. ಮೆಂಡೆಲನ ನಿಯಮಗಳು ರೇಷ್ಮೆ ಹುಳುವಿಗೂ ಅನ್ವಯಿಸುತ್ತವೆಂದು ಜಪಾನಿನ ತೊಯಾಮಾ ಅವರು 1906ರಲ್ಲಿ ತೋರಿಸಿ, ಮೊದಲ ಪೀಳಿಗೆಯ ಮಿಶ್ರತಳಿಯನ್ನು ಬಳಸಬೇಕೆಂದರು. ಆ ದಾರಿಯಲ್ಲಿಯೇ ನಮ್ಮಲ್ಲಿಯೂ ದೇಶೀ ಹೆಣ್ಣು ಚಿಟ್ಟೆಗೆ ವಿದೇಶೀ ಗಂಡನ್ನು ಕೂಡಿಸಿದ ಮಿಶ್ರತಳಿ ಹಬ್ಬಿತು.

ಇಳುವರಿ ಹೆಚ್ಚಿತು, ನಿಜ. ಆದರೆ ಅನುವಂಶೀಯತೆಯ ನಿಯಮ ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡಿತು. ಮಿಶ್ರತಳಿಯ ಗೂಡಿನಿಂದ ಮತ್ತೆ ಮೊಟ್ಟೆ ಮಾಡಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಹಿಂದೆ ತನ್ನ ಗೂಡಿನಲ್ಲಿಯೇ ನಾಲ್ಕನ್ನು ಬಿತ್ತನೆಗೆ ಉಳಿಸಿಕೊಳ್ಳಬಹುದಾಗಿದ್ದ ರೈತ, ಈಗ ಪ್ರತಿ ಬೆಳೆಗೂ ಬಿತ್ತನೆ ಕೋಠಿಯ ಬಾಗಿಲಿಗೆ ಹೋಗಬೇಕಾಯಿತು. ಬಿತ್ತನೆ ಕೋಠಿಯವರು ದೇಶೀ ಬಿತ್ತನೆ ಗೂಡಿಗಾಗಿ ಮಾಗಡಿ, ಕುಣಿಗಲುಗಳ ಕಡೆ ನೋಡಬೇಕಾಯಿತು. ಮನೆಯೊಳಗಿನ ಕಸುಬು ಹೀಗೆ ದೂರದೂರದ ಊರುಗಳ ಸರಪಳಿಯಾಯಿತು. ರೈತನು ಇದರಲ್ಲಿ ಗಳಿಸಿದುದೂ ಉಂಟು, ಕಳೆದುಕೊಂಡುದೂ ಉಂಟು. ಪಾಠಪುಸ್ತಕದಲ್ಲಿ ಬಟಾಣಿಯ ಲೆಕ್ಕವಾಗಿ ಕಾಣುವ ನಿಯಮ ಇಲ್ಲಿ ಬಿತ್ತನೆಯ ಒಡೆತನವನ್ನೇ ಬದಲಾಯಿಸಿತು.

4. ಬಂಗಾಳದಿಂದ ಬಂದ ಎರಡು ಜೀವಿಗಳು

ಟಿಪ್ಪುವಿನ 1786ರ ಪತ್ರವೊಂದರಲ್ಲಿ, ಬಂಗಾಳದಿಂದ ಬರುವ ಹುಳುಗಳಿಗೆ ಶ್ರೀರಂಗಪಟ್ಟಣದಲ್ಲಿ ತಕ್ಕ ಸ್ಥಳವನ್ನು ಸಿದ್ಧಪಡಿಸಬೇಕೆಂಬ ಸೂಚನೆಯಿದೆ. ಈ ಪತ್ರವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಬಂಗಾಳದಲ್ಲಿ ಆ ಹುಳುವಿಗೆ ಊಜಿ ನೊಣವೆಂಬ ಶತ್ರುವೂ ಉಂಟು. ನೊಣ ಬೆಳೆದ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವಿನ ಒಡಲನ್ನು ಹೊಕ್ಕು ತಿಂದು, ಕಡೆಗೆ ಗೂಡನ್ನು ತೂತುಮಾಡಿ ಹೊರಬೀಳುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಹುಳು ಮೈಸೂರಿನಲ್ಲಿ ನೆಲಸಿತು, ಶತ್ರು ನೆಲಸಲಿಲ್ಲ. ಸುಮಾರು ಇನ್ನೂರು ವರ್ಷ ನಮ್ಮ ರೇಷ್ಮೆ ಕೃಷಿಗೆ ಈ ಬಿಡುವು ದೊರೆಯಿತು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಊಜಿ ನೊಣ ಕರ್ನಾಟಕಕ್ಕೂ ಬಂದಿತು. ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟದೆ ಹುಳು ಸಾಕುವುದು ಕಷ್ಟವಾಯಿತು.

ಔಷಧಿ ಸಿಂಪಡಿಸಿ ನೊಣವನ್ನು ಕೊಲ್ಲೋಣವೆಂದರೆ ಹುಳುವೂ ಕೀಟವೇ. ಅದೇ ವಿಷಕ್ಕೆ ಅದೂ ಸಾಯುತ್ತದೆ. ಕಡೆಗೆ ನೆರವಾದುದು ನೊಣದ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನು ನಾಶಪಡಿಸುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಎಲೆಯನ್ನು ತಿನ್ನುವ ಹುಳು, ಹುಳುವನ್ನು ತಿನ್ನುವ ನೊಣ, ನೊಣವನ್ನು ತಿನ್ನುವ ಕಣಜ: ಆಹಾರ ಸರಪಳಿಯ ಪಾಠಕ್ಕೆ ಈ ಸೀಮೆಯ ವಿದ್ಯಾರ್ಥಿಗೆ ಹುಲಿ-ಜಿಂಕೆಗಳ ಉದಾಹರಣೆಗಿಂತ ಇದು ಹತ್ತಿರದ್ದು.

5. ಉಪಸಂಹಾರ

ಸರಪಳಿಯ ತುದಿಯಲ್ಲಿ ಮನುಷ್ಯನಿದ್ದಾನೆ. ಕೊಳ್ಳೇಗಾಲ, ಸಂತೇಮರಹಳ್ಳಿಗಳಲ್ಲಿದ್ದಂತೆ ಮಾಂಬಳ್ಳಿಯಲ್ಲಿಯೂ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯಿದ್ದಿತು. ಗೂಡಿನ ಅಂಟು ಬಿಸಿನೀರಿನಲ್ಲಿ ಮಾತ್ರ ಸಡಿಲವಾಗುವುದರಿಂದ ನೂಲು ಬಿಚ್ಚುವವರ ಬೆರಳುಗಳು ದಿನವೆಲ್ಲ ಬಿಸಿನೀರಿನಲ್ಲಿರಬೇಕು; ಉಸಿರಾಡುವ ಗಾಳಿಯಲ್ಲಿ ಹಬೆ, ಬೆಂದ ಹುಳುವಿನ ವಾಸನೆ. ಈ ಕೆಲಸದಿಂದ ಚರ್ಮಕ್ಕೂ ಶ್ವಾಸಕೋಶಕ್ಕೂ ತೊಂದರೆಯುಂಟಾಗುವುದನ್ನು ವೈದ್ಯರು ಗುರುತಿಸಿದ್ದಾರೆ. ಕಾರ್ಖಾನೆಯ ಚರಿತ್ರೆಯೆಂದರೆ ಈ ಕೈಗಳ ಚರಿತ್ರೆಯೂ ಹೌದು.

ಎಲ್ಲವನ್ನೂ ಜೀವಶಾಸ್ತ್ರವೇ ನಿರ್ಧರಿಸಿತೆಂದು ನಾವು ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗಾಗಿ ರೇಷ್ಮೆಗೆ ಬೇಡಿಕೆ ಬಂದುದು, 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದುದು ಮನುಷ್ಯರ ನಿರ್ಣಯಗಳೇ. ಆದರೆ ಬೆಲೆ ಬಿದ್ದ ವರ್ಷವೂ ಹುಳು ಸತ್ತ ವರ್ಷವೂ ರೈತನ ಮನೆಯಲ್ಲಿ ಒಂದೇ ಸಾಲವಾಗಿ ಕೂಡಿಕೊಳ್ಳುತ್ತವೆ. ದಫ್ತರಗಳಲ್ಲಿ ಮೊದಲನೆಯದು ಹೆಚ್ಚಾಗಿ ದಾಖಲಾಗಿದೆ. ಎರಡನೆಯದು ಹುಳು ಸಾಕಿದವರ ನೆನಪಿನಲ್ಲಿಯೂ ಮಾತಿನಲ್ಲಿಯೂ ಉಳಿದಿದೆ. ಹುಳು ಸಾಕುವ ಮನೆಗಳು ಕಡಮೆಯಾದಂತೆ ಆ ಮಾತುಗಳೂ ಕಡಮೆಯಾಗುತ್ತವೆ. ಜ್ವರ, ಹಾಲುತೊಂಡೆ, ಸುಣ್ಣಕಟ್ಟುಗಳನ್ನು ಬಲ್ಲ ಹಿರಿಯರು ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೇ ಇದ್ದಾರೆ. ಚರಿತ್ರೆಯ ಅಧ್ಯಾಪಕರೂ ಜೀವಶಾಸ್ತ್ರದ ಅಧ್ಯಾಪಕರೂ ಕೂಡಿ ಆ ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸಿ ಬರೆಯಿಸಿಕೊಂಡರೆ, ಈ ಸೀಮೆಯ ಮುಂದಿನ ಚರಿತ್ರಕಾರನಿಗೆ ಅದೇ ಮೊದಲನೆಯ ಆಕರವಾಗುತ್ತದೆ.